ಹಲ್ಲಿನ ಲೆಕ್ಕ

ನಮ್ಮ ಶರೀರದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಯಾವುದು? ಮೂಳೆಯಲ್ಲ, ಹಲ್ಲಿನ ಹೊರಕವಚವಾದ ಎನಾಮಲ್. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಇಂತಹ ವಸ್ತುವೂ ಹದಿಮೂರು ವರ್ಷದ ವಿದ್ಯಾರ್ಥಿಯ ಬಾಯಲ್ಲಿ ಸವೆದು ಗುಳಿಬೀಳುವುದುಂಟು. ಇದಕ್ಕೆ ಕಾರಣವೇನು?

‘ಹುಳುಕು’ ಎಂಬ ಮಾತಿನಲ್ಲಿಯೇ ಹುಳು ಅಡಗಿದೆ. ಹಲ್ಲನ್ನು ಹುಳು ತಿನ್ನುತ್ತದೆಂದು ಹಿಂದಿನವರು ಭಾವಿಸಿದ್ದರು. ವಾಸ್ತವವಾಗಿ ತಿನ್ನುವುದು ಆಮ್ಲ. ಹಲ್ಲಿಗೆ ಅಂಟಿರುವ ಬ್ಯಾಕ್ಟೀರಿಯಗಳು ಸಕ್ಕರೆ, ಬೆಲ್ಲಗಳನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಅಲ್ಲಿನ ಪಿ.ಎಚ್. ಅಂಕ 7ರ ಸಮೀಪದಿಂದ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಒಂದೂವರೆ ಅಂಕದ ಇಳಿತ ಅಲ್ಪವೆಂದು ತೋರಬಹುದು. ಆದರೆ ಈ ಮಾನದಲ್ಲಿ ಒಂದೊಂದು ಅಂಕಕ್ಕೂ ಹತ್ತುಪಟ್ಟು ವ್ಯತ್ಯಾಸವಿರುವುದರಿಂದ, ಹೈಡ್ರೊಜನ್ ಅಯಾನುಗಳು ಸುಮಾರು 32 ಪಟ್ಟು ಹೆಚ್ಚಿದಂತಾಯಿತು. ಜೊಲ್ಲು ಈ ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ಸ್ವಲ್ಪಮಟ್ಟಿಗೆ ಮರಳಿಸುತ್ತದೆ. ಅದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಆದಕಾರಣ ನಾಲ್ಕು ಮಿಠಾಯಿಗಳನ್ನು ಊಟದೊಡನೆ ಒಮ್ಮೆಗೇ ತಿನ್ನುವುದಕ್ಕಿಂತ ದಿನವೆಲ್ಲ ಒಂದೊಂದಾಗಿ ಚಪ್ಪರಿಸುವುದು ಹೆಚ್ಚು ಹಾನಿಕರ.

ಈ ಹಾನಿಯನ್ನು ಅಳೆಯುವ ಕ್ರಮವನ್ನು ಅಮೆರಿಕದ ಕ್ಲೈನ್ ಮತ್ತು ಪಾಮರ್ ಎಂಬವರು 1938ರ ಸುಮಾರಿಗೆ ಬಳಕೆಗೆ ತಂದರು. ಹುಳುಕಾದವು, ಹುಳುಕಿನಿಂದ ಕಳೆದುಹೋದವು, ಹುಳುಕನ್ನು ತುಂಬಿಸಿದವು, ಈ ಮೂರು ಬಗೆಯ ಶಾಶ್ವತ ಹಲ್ಲುಗಳನ್ನು ಎಣಿಸಿ ಕೂಡಿಸಬೇಕು. ಹನ್ನೆರಡು, ಹದಿಮೂರರ ಹೊತ್ತಿಗೆ ಸಾಮಾನ್ಯವಾಗಿ 28 ಶಾಶ್ವತ ಹಲ್ಲುಗಳು ಬಂದಿರುವುದರಿಂದ, ವಿಶ್ವ ಆರೋಗ್ಯ ಸಂಸ್ಥೆ ದೇಶದೇಶಗಳ ಹೋಲಿಕೆಗೆ ಹನ್ನೆರಡರ ವಯಸ್ಸನ್ನೇ ಆರಿಸಿಕೊಂಡಿದೆ.

ಆದರೆ ಮೊತ್ತವೊಂದನ್ನೇ ನೋಡಿದರೆ ಸಾಲದು. ಉದಾಹರಣೆಗೆ ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಬೀದರ ನಗರದವನಿಗೆ ತುಂಬಿಸಿದ ಹಲ್ಲು ಮೂರು. ಔರಾದಿನವನಿಗೆ ಹುಳುಕು ಹಲ್ಲು ಮೂರು. ಇಬ್ಬರ ಅಂಕವೂ 3. ಮೊದಲನೆಯವನಿಗೆ ಆಗಬೇಕಾದ ಚಿಕಿತ್ಸೆ ಆಗಿಹೋಗಿದೆ. ಎರಡನೆಯವನದು ಇನ್ನೂ ಬಾಕಿಯಿದೆ. ಜಿಲ್ಲೆಯ ದಂತವೈದ್ಯಕೀಯ ಕಾಲೇಜು ಇರುವುದು ಬೀದರ ನಗರದಲ್ಲಿ. ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಅಲ್ಲಿಗೆ ಸುಮಾರು 40 ಕಿಲೋಮೀಟರು. ಕೂಲಿಯ ತಂದೆಗೆ ಆ ಪ್ರಯಾಣವೆಂದರೆ ಒಂದು ದಿನದ ಸಂಪಾದನೆಯ ನಷ್ಟ. ಆದ್ದರಿಂದ ನೋವು ಬರುವವರೆಗೂ ಕಾಯುವುದೇ ರೂಢಿಯಾಗುತ್ತದೆ.

ಕಾದಂತೆಲ್ಲ ಚಿಕಿತ್ಸೆಯ ಸ್ವರೂಪವೂ ಬದಲಾಗುತ್ತದೆ. ಮೊದಲು ಕಾಣುವುದು ಸುಣ್ಣದಂತಹ ಬಿಳಿಯ ಮಚ್ಚೆ. ಈ ಹಂತದಲ್ಲಿ ಫ್ಲೋರೈಡಿನ ಲೇಪದಿಂದ ಖನಿಜ ಮರಳಿ ಸೇರಬಲ್ಲದು. ಗುಳಿ ಬಿದ್ದಮೇಲೆ ತುಂಬಿಸಬೇಕು. ಹುಳುಕು ಒಳಗಿನ ನರವನ್ನು ಮುಟ್ಟಿದರೆ ಬೇರುನಾಳದ ಚಿಕಿತ್ಸೆ ಬೇಕು. ಅದೂ ತಪ್ಪಿದರೆ ಕೀಳುವುದೊಂದೇ ಉಳಿಯುವ ದಾರಿ. ಆರನೆಯ ವರ್ಷಕ್ಕೆ ಹುಟ್ಟುವ ದೊಡ್ಡ ದವಡೆಹಲ್ಲಿಗೆ ಈ ಗತಿ ಬರುವುದು ಹೆಚ್ಚು. ಮನೆಯವರು ಅದನ್ನು ಹಾಲುಹಲ್ಲೆಂದು ಬಗೆದು ಉಪೇಕ್ಷಿಸುವುದುಂಟು. ಹದಿನಾಲ್ಕರಲ್ಲಿ ಕಳೆದುಕೊಂಡರೆ ಅದರ ಸ್ಥಾನದಲ್ಲಿ ಮತ್ತೊಂದು ಹುಟ್ಟದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಹಲ್ಲುಗಳ ತಪಾಸಣೆಯೂ ಸೇರಿದೆ. ತಂಡವು ಬಂದ ದಿನ ವಿದ್ಯಾರ್ಥಿಗಳು ತಪ್ಪದೆ ಬಾಯಿ ತೋರಿಸಬೇಕು. ಸೂಚನೆ ದೊರೆತರೆ ನೋವಿಗಾಗಿ ಕಾಯದೆ ಚಿಕಿತ್ಸೆ ಪಡೆಯಬೇಕು. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ, ಮುಖ್ಯವಾಗಿ ಮಲಗುವ ಮುನ್ನ, ಹಲ್ಲುಜ್ಜಬೇಕು. ವಾರಕ್ಕೊಮ್ಮೆ ಹಗಲುಬೆಳಕಿನಲ್ಲಿ ಕನ್ನಡಿ ಹಿಡಿದು ಹಲ್ಲುಗಳನ್ನು ನೋಡಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಬಿಳಿಯ ಮಚ್ಚೆಯನ್ನು ಮೊದಲೇ ಗುರುತಿಸಿದವನು ಹಲ್ಲನ್ನು ಉಳಿಸಿಕೊಳ್ಳಬಲ್ಲನು.