ಆರು ತಿಂಗಳು ತಾಯಿಯ ಹಾಲು ಮಾತ್ರ

ಮಗು ಹುಟ್ಟಿದ ಮನೆಯಲ್ಲಿ ಎಲ್ಲರಿಗೂ ಅದರ ಬಾಯಿಗೆ ಏನಾದರೂ ಹಾಕುವ ಆಸೆ. ದಾದಿ ಜೇನು ನೆಕ್ಕಿಸುತ್ತಾರೆ. ನಾನಿ ಘುಟ್ಟಿ ಕೊಡುತ್ತಾರೆ. ಉಮ್ರಾ ಮುಗಿಸಿ ಬಂದವರು ಝಮ್‌ಝಮ್ ನೀರಿನ ಎರಡು ಹನಿ ಬಿಡುತ್ತಾರೆ. ನೆರೆಮನೆಯವರು ಬಜೆ ತೇಯ್ದು ಕೊಡಿ ಎನ್ನುತ್ತಾರೆ. ಬೆಂಗಳೂರಿನ ಬೀದಿಗಳಲ್ಲಿ ಕತ್ತೆ ಹೊಡೆದುಕೊಂಡು ಬರುವವರಿಂದ ಒಂದು ಒಳಲೆ ಕತ್ತೆ ಹಾಲು ಕೊಂಡು ಕುಡಿಸುವವರೂ ಇದ್ದಾರೆ. ಎಲ್ಲವೂ ಪ್ರೀತಿಯಿಂದ ಮಾಡುವ ಕೆಲಸಗಳೇ. ಆದರೆ ಮಗುವಿಗೆ ಮೊದಲ ಆರು ತಿಂಗಳು ಇವುಗಳಲ್ಲಿ ಯಾವುದೂ ಬೇಕಿಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕು, ಆರು ತಿಂಗಳು ತುಂಬುವವರೆಗೆ ಅದನ್ನು ಮಾತ್ರ ಕೊಡಬೇಕು, ಆನಂತರ ಮೆತ್ತಗಿನ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ‘ಮಾತ್ರ’ ಎಂದರೆ ನೀರೂ ಇಲ್ಲ. ವೈದ್ಯರು ಬರೆದುಕೊಟ್ಟ ಔಷಧಿ, ವಿಟಮಿನ್ ಡಿ ಹನಿಗಳು, ಓಆರ್‌ಎಸ್ ಮತ್ತು ಲಸಿಕೆಗಳಿಗೆ ಅಡ್ಡಿಯಿಲ್ಲ. ಈ ‘ಮಾತ್ರ’ವನ್ನು ಕಾಪಾಡುವುದು ಬಾಣಂತಿಯೊಬ್ಬಳಿಂದ ಆಗುವ ಕೆಲಸವಲ್ಲ. ಅದು ಇಡೀ ಮನೆಯ ಹೊಣೆ.

ಹೊಣೆ ಯಾರದ್ದು?

ಸೂರಃ ಅಲ್ ಬಕರಃದ 233ನೇ ವಚನದಲ್ಲಿ ಪೂರ್ಣ ಎರಡು ವರ್ಷ ಹಾಲೂಡಿಸುವ ಪ್ರಸ್ತಾಪವಿದೆ ಎಂಬುದು ನಮಗೆಲ್ಲ ಗೊತ್ತು. ಅದೇ ವಚನದಲ್ಲಿ ತಾಯಿಯ ಅನ್ನ, ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸಲಾಗಿದೆ. ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ತೊಂದರೆಯಾಗಬಾರದು, ಹಾಲು ಬಿಡಿಸುವುದಾದರೂ ಇಬ್ಬರೂ ಸಮಾಲೋಚಿಸಿ ಬಿಡಿಸಬೇಕು ಎಂಬುದೂ ಅಲ್ಲೇ ಇದೆ. ಈ ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮೊದಲ ಹಾಲನ್ನು ಚೆಲ್ಲಬೇಡಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 100ರಲ್ಲಿ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೆ ಮೊದಲ ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಸುಮಾರು 42 ಮಕ್ಕಳಿಗೆ ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಕೇವಲ ಎದೆಹಾಲು ಕುಡಿಯುತ್ತಿದ್ದವರು 100ಕ್ಕೆ ಸುಮಾರು 64.

ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ದಪ್ಪ ಗಿಣ್ಣುಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಇದಕ್ಕೆ ಹಳೆಯ ಬೇರುಗಳಿವೆ. ನಮ್ಮ ಯೂನಾನಿ ಪದ್ಧತಿ ಹುಟ್ಟಿದ್ದು ಗ್ರೀಕ್ ವೈದ್ಯದಿಂದ. ಸುಮಾರು ಎರಡನೇ ಶತಮಾನದ ಗ್ರೀಕ್ ವೈದ್ಯ ಸೊರಾನಸ್, ಹೆರಿಗೆಯಾದ ಮೇಲೆ ಮೊದಲ 20 ದಿನ ತಾಯಿಯ ಹಾಲು ಮಗುವಿಗೆ ಒಳ್ಳೆಯದಲ್ಲ, ಮೊದಲು ಜೇನು ಕೊಡಬೇಕು ಎಂದು ಬರೆದಿದ್ದ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ತಾಯಿಯ ಹಾಲೇ ಶ್ರೇಷ್ಠ, ಅದರ ಸಹಜ ಅವಧಿ ಎರಡು ವರ್ಷ ಎಂದರು. ಅವರ ಮಾತು ಪರೀಕ್ಷೆಯಲ್ಲಿ ನಿಂತಿದೆ, ಸೊರಾನಸ್‌ನ ಮಾತು ನಿಂತಿಲ್ಲ. ಗಿಣ್ಣುಹಾಲಿನಲ್ಲಿ ರೋಗನಿರೋಧಕ ಅಂಶಗಳೂ ವಿಟಮಿನ್ ಎ ಕೂಡ ಹೇರಳವಾಗಿವೆ. ಮಗುವಿನ ಹೊಟ್ಟೆಯಲ್ಲಿರುವ ಕಪ್ಪು ಮಲ ಬೇಗ ಹೊರಹೋಗಲು ಅದು ನೆರವಾಗುತ್ತದೆ. ಪ್ರಮಾಣ ಕಡಿಮೆ ಎಂದು ಹೆದರಬೇಡಿ. ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ಒಂದೆರಡು ಟೀ ಚಮಚದಷ್ಟೇ.

ಜೇನು, ಘುಟ್ಟಿ ಮತ್ತು ತಹ್ನೀಕ್

ಜೇನಿನಲ್ಲಿ ಶಮನವಿದೆ ಎಂದು ಕುರ್‌ಆನ್ ಹೇಳುತ್ತದೆ. ನಮ್ಮ ಎಷ್ಟೋ ಔಷಧಿಗಳಿಗೆ ಜೇನೇ ಆಧಾರ. ಆದರೆ ಯಾವ ಔಷಧಿಗೂ ವಯಸ್ಸು ಮತ್ತು ಪ್ರಮಾಣ ಎಂಬುದಿದೆ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ. ಅದರಿಂದ ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ಅಪಾಯವಾಗಬಹುದು. ಇದಕ್ಕೆ ಬಾಟುಲಿಸಂ ಎನ್ನುತ್ತಾರೆ. ಇದು ಅಪರೂಪ, ಆದರೆ ಮಾರಕವಾಗಬಹುದು. ಮನೆಯಲ್ಲಿ ಕಾಯಿಸಿದರೆ ಈ ಬೀಜಕಣಗಳು ಸಾಯುವುದಿಲ್ಲ. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನು ಬೇಡ.

ಘುಟ್ಟಿ, ಗ್ರೈಪ್ ವಾಟರ್, ಸಕ್ಕರೆ ನೀರು, ಬಜೆ, ಕತ್ತೆ ಹಾಲು ಇವು ಪುಟ್ಟ ಹೊಟ್ಟೆಯನ್ನು ತುಂಬಿಸಿ ಮಗು ಎದೆ ಚೀಪುವುದನ್ನು ಕಡಿಮೆ ಮಾಡುತ್ತವೆ. ನೀರು, ಒಳಲೆ, ಬೆರಳುಗಳ ಮೂಲಕ ಭೇದಿಯ ರೋಗಾಣುಗಳು ಒಳಗೆ ಹೋಗುತ್ತವೆ.

ತಹ್ನೀಕ್ ವಿಷಯ ಬೇರೆ. ಹಝ್ರತ್ ಅಸ್ಮಾ(ರ)ರ ಮಗು ಅಬ್ದುಲ್ಲಾ ಬಿನ್ ಝುಬೈರ್(ರ)ರಿಗೆ ಪ್ರವಾದಿಯವರು(ಸ) ಖರ್ಜೂರವನ್ನು ಅಗಿದು ಅಂಗುಳಿಗೆ ಸವರಿದರೆಂದು ಹದೀಸ್‌ನಲ್ಲಿದೆ. ಅದು ಸವರುವುದು, ಉಣಿಸುವುದಲ್ಲ. ಈ ಸುನ್ನತ್ ಪಾಲಿಸುವವರು ಮಗುವಿನ ವೈದ್ಯರನ್ನು ಕೇಳಿ, ಮೊದಲ ಎದೆಹಾಲಿಗೆ ತಡವಾಗದಂತೆ ಮಾಡಬೇಕು. ಮಗು ನುಂಗುವಷ್ಟು ತುಣುಕು ಇರಬಾರದು. ಎಂಜಲಿನಿಂದ ಸೋಂಕು ಹರಡುವುದರಿಂದ ಕೆಮ್ಮು, ಜ್ವರ, ಬಾಯಿಹುಣ್ಣು ಇರುವವರು, ತಂಬಾಕು ಬಳಸುವವರು ಮಾಡಬಾರದು. ಸಂಬಂಧಿಕರೆಲ್ಲ ಸಾಲಾಗಿ ಬಂದು ಸವರುವುದು ಖಂಡಿತ ಬೇಡ. ಅವಧಿಗೆ ಮುಂಚೆ ಹುಟ್ಟಿದ ಅಥವಾ ಐಸಿಯುನಲ್ಲಿರುವ ಮಗುವಿಗೆ ಆಸ್ಪತ್ರೆಯವರು ಹೇಳಿದ್ದನ್ನೇ ಪಾಲಿಸಿ.

‘ಹಾಲು ಸಾಲುತ್ತಿಲ್ಲ’

ಡಬ್ಬಿ ಹಾಲು ಮನೆಗೆ ಬರುವುದು ಹೆಚ್ಚಾಗಿ ಈ ಮಾತಿನ ಹಿಂದೆಯೇ. ಅದರಲ್ಲೂ ಸಿಸೇರಿಯನ್ ಆದ ಎರಡನೇ ದಿನ. ಹಾಲು ತುಂಬಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಬೇಕು. ಸಿಸೇರಿಯನ್ ಆದರೆ ಇನ್ನೂ ಸ್ವಲ್ಪ ತಡವಾಗಬಹುದು. ಮಗು ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಬಾಟಲಿ ಹಿಡಿಸಿದರೆ ಚೀಪುವುದು ಕಡಿಮೆಯಾಗಿ ಹಾಲೂ ಕಡಿಮೆಯಾಗುತ್ತದೆ. ಆಗ ಸಾಲುತ್ತಿಲ್ಲ ಎಂಬ ಮಾತು ನಿಜವೇ ಆಗಿಬಿಡುತ್ತದೆ.

ಹಾಲು ಸಾಲುತ್ತಿದೆಯೇ ಎಂದು ಅಳುವಿನಿಂದ ಅಳೆಯಬೇಡಿ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಮೂತ್ರ ಹೋಗುತ್ತಿದ್ದರೆ, ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರದೊಳಗೆ ಮರಳಿ ಬಂದರೆ ಹಾಲು ಸಾಲುತ್ತಿದೆ ಎಂದರ್ಥ. 6, 10 ಮತ್ತು 14ನೇ ವಾರದ ಲಸಿಕೆಗೆ ಹೋದಾಗ ತೂಕ ಮಾಡಿಸಿ ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಬೇಸಿಗೆಯಲ್ಲೂ ನೀರು ಬೇಡ. ಎದೆಹಾಲಿನಲ್ಲಿ 100ಕ್ಕೆ ಸುಮಾರು 87 ಭಾಗ ನೀರೇ ಇದೆ. ಡಬ್ಬಿ ಹಾಲು ಮತ್ತು ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದ 1992ರ ಕಾನೂನೇ ನಿಷೇಧಿಸಿದೆ.

ಹಾಲೂಡಿಸುವ ಕ್ರಮ

1. ಹಗಲು ರಾತ್ರಿ ಸೇರಿ ದಿನಕ್ಕೆ 8ರಿಂದ 12 ಸಲ, ಮಗು ಕೇಳಿದಾಗಲೆಲ್ಲ ಕುಡಿಸಿ. ಬಾಯಿ ಚಪ್ಪರಿಸುವುದು, ಕೈ ಚೀಪುವುದು ಹಸಿವಿನ ಮೊದಲ ಸೂಚನೆ. ಅಳು ಕೊನೆಯದು.
2. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಲಿ. ತಲೆ, ಬೆನ್ನು ಒಂದೇ ನೇರದಲ್ಲಿರಲಿ.
3. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗಲ್ಲ ಎದೆಗೆ ತಾಗಬೇಕು. ತೊಟ್ಟು ನೋಯುತ್ತಿದ್ದರೆ ಬಿಡಿಸಿ ಮತ್ತೆ ಹಿಡಿಸಿ.
4. ಒಂದು ಕಡೆ ಪೂರ್ತಿ ಕುಡಿದ ಮೇಲೆ ಇನ್ನೊಂದು ಕಡೆ ಕೊಡಿ. ನಂತರ ತೇಗು ಬರಿಸಿ.

ಬಾಣಂತಿಯ ಆರೈಕೆ

ಹರೀರಾ, ಮೆಂತ್ಯ, ಜೀರಿಗೆ, ಸೋಂಪು ನಮ್ಮ ಮನೆಗಳ ಹಳೆಯ ಬಾಣಂತಿ ಆಹಾರ. ಊಟದಲ್ಲಿ ಇವು ಇರಲಿ. ಹಾಲು ಹೆಚ್ಚಿಸಲೆಂದು ಯೂನಾನಿಯಲ್ಲಿ ಸತಾವರ್‌ನಂತಹ ಔಷಧಿಗಳಿವೆ. ಆದರೆ ಮಗು ಚೀಪುವುದಕ್ಕೆ ಸಮನಾದ ಔಷಧಿ ಯಾವುದೂ ಇಲ್ಲ. ಅಂಗಡಿಯ ಪುಡಿಗಳನ್ನು ತಾವೇ ತಂದು ತಿನ್ನದೆ, ಪರಿಣತರನ್ನು ಕಾಣಿ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ ನಮ್ಮ ಭಾಗದವರಿಗೆ ಹತ್ತಿರವೇ ಇದೆ. ಬಾಣಂತಿಗೆ ನೀರು ಕೊಡದೆ ಬಾಯಾರಿಸುವ ಪದ್ಧತಿ ತಪ್ಪು. ರಮಝಾನ್‌ನಲ್ಲಿ ಹಾಲೂಡಿಸುವ ತಾಯಿಗೆ ಉಪವಾಸದಿಂದ ರಿಯಾಯಿತಿ ಇದೆ. ತನಗಾಗಲಿ ಮಗುವಿಗಾಗಲಿ ತೊಂದರೆಯಾಗುವಂತಿದ್ದರೆ ಆಕೆ ಅದನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಲಿ. ಹಾಲೂಡಿಸುವುದರಿಂದ ತಾಯಿಗೂ ಲಾಭವಿದೆ. ಹೆರಿಗೆಯ ನಂತರದ ರಕ್ತಸ್ರಾವ ತಗ್ಗುತ್ತದೆ, ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಸಾಧ್ಯತೆ ಕಡಿಮೆಯಾಗುತ್ತದೆ.

ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ಅರ್ಹ ತಾಯಂದಿರಿಗೆ ಕಾನೂನಿನಂತೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ ಇದೆ. ಹೆಚ್ಚುಕಡಿಮೆ ಆರು ತಿಂಗಳೇ ಆಯಿತು. ಅದಕ್ಕೂ ಮುಂಚೆ ಕೆಲಸಕ್ಕೆ ಹೋಗಬೇಕಾದವರು ಹಾಲನ್ನು ಶುಚಿಯಾದ ಪಾತ್ರೆಗೆ ಹಿಂಡಿಡಬಹುದು. ಅದು ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಇರುತ್ತದೆ. ಬಾಟಲಿಯ ಬದಲು ಒಳಲೆಯಲ್ಲಿ ಕುಡಿಸಿ. ಬೇರೊಬ್ಬ ತಾಯಿ ಹಾಲು ಕೊಟ್ಟರೆ ಹಾಲಿನ ಸಂಬಂಧ ಏರ್ಪಡಬಹುದಾದ್ದರಿಂದ ಆಕೆಯ ಹೆಸರು ಬರೆದಿಟ್ಟುಕೊಳ್ಳಿ, ಆಲಿಮರನ್ನು ಕೇಳಿ.

ಮಗು ಹಾಲು ಕುಡಿಯದೆ ಮಂಕಾಗಿದ್ದರೆ, ಮೈ ಬಿಸಿಯಾಗಿದ್ದರೆ ಅಥವಾ ತಣ್ಣಗಾಗಿದ್ದರೆ, ಮೂತ್ರ ಕಡಿಮೆಯಾದರೆ, ಅಂಗೈ ಅಂಗಾಲು ಹಳದಿಯಾದರೆ ತಡಮಾಡದೆ ಮಕ್ಕಳ ವೈದ್ಯರ ಬಳಿಗೆ ಒಯ್ಯಿರಿ. ತೂಕ ಅಥವಾ ರಕ್ತದ ಸಕ್ಕರೆ ಕಡಿಮೆ ಇದೆಯೆಂದು ಅವರು ಬೇರೆ ಹಾಲು ಸೂಚಿಸಿದರೆ ಕೊಡಲೇಬೇಕು. ಜೊತೆಗೆ ಎದೆಗೂ ಹಾಕುತ್ತಿರಿ.

ಒಂಬತ್ತನೇ ತಿಂಗಳಲ್ಲೇ ದಾದಿ, ನಾನಿ, ಗಂಡ, ಹೆಂಡತಿ ಒಟ್ಟಿಗೆ ಕೂತು ಮೂರು ವಿಷಯ ತೀರ್ಮಾನಿಸಿ. ಮೊದಲ ಗಂಟೆಯಲ್ಲಿ ಮಗುವನ್ನು ಎದೆಗೆ ಹಾಕುವಂತೆ ಆಸ್ಪತ್ರೆಯವರನ್ನು ಕೇಳುವವರು ಯಾರು? ಜೇನು, ಘುಟ್ಟಿ ತಂದವರಿಗೆ ನಯವಾಗಿ ಬೇಡ ಎನ್ನುವವರು ಯಾರು? ರಾತ್ರಿ ಹಾಲೂಡಿಸಿ ದಣಿದ ತಾಯಿ ಹಗಲು ಎರಡು ಗಂಟೆ ಮಲಗಲು ಮನೆಗೆಲಸ ನೋಡಿಕೊಳ್ಳುವವರು ಯಾರು? ಎರಡನೆಯ ಕೆಲಸಕ್ಕೆ ದಾದಿಯೇ ಸರಿಯಾದವರು. ಅವರು ಬೇಡ ಎಂದರೆ ಬಂಧುಗಳಲ್ಲಿ ಯಾರೂ ಎದುರಾಡುವುದಿಲ್ಲ.