ಹಳೇ ಕಂಪ್ಯೂಟರ್ ನಿಜಕ್ಕೂ ಪುಕ್ಕಟೆಯೇ?

"ಅಂಗಡಿಯ ಕಂಪ್ಯೂಟರ್ ಇನ್ನೂ ಓಡುತ್ತಿದೆ, ಹೊಸದಕ್ಕೆ ಯಾಕೆ ದುಡ್ಡು ಸುರಿಯಲಿ?" ಎಂದು ಕೇಳಿದ್ದೀರಿ. ಓಡುತ್ತಿದೆ ನಿಜ, ಅದರ ಖರ್ಚು ನಿಮ್ಮ ಖಾತೆ ಪುಸ್ತಕಕ್ಕೆ ಬರುತ್ತಿಲ್ಲ ಅಷ್ಟೆ.

ನೀವೇ ಬರೆದಿರುವಂತೆ, ಹುಡುಗ ಹಳೇ ಸಾಫ್ಟ್‌ವೇರ್‌ನಲ್ಲಿ ಬಿಲ್ ಹಾಕುತ್ತಾನೆ, ತಿಂಗಳ ಕೊನೆಗೆ ಅವನ್ನೆಲ್ಲ ಮತ್ತೆ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಆಡಿಟರಿಗೆ ಕಳಿಸುತ್ತಾನೆ. ಒಂದು ಬಿಲ್ ಬಿಟ್ಟುಹೋದರೂ ಅದು ಗಿರಾಕಿಯ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ, ಅವರ ಇನ್‌ಪುಟ್ ಕ್ರೆಡಿಟ್ ನಿಲ್ಲುತ್ತದೆ. ಅವರು ನಿಮ್ಮ ಬಾಕಿ ತಡೆಹಿಡಿಯುತ್ತಾರೆ. ಕೆಲವರು ಏನೂ ಹೇಳದೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ನನ್ನ ಪ್ರಕಾರ ಇದೇ ದೊಡ್ಡ ನಷ್ಟ.

ಇನ್ನು ಭದ್ರತೆಯ ಮಾತು. ಆ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದ್ದರೆ, ಅದಕ್ಕೆ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿತು. ಅದರಲ್ಲಿ ನೆಟ್ ಬ್ಯಾಂಕಿಂಗ್ ಮಾಡುವುದನ್ನು ದಯವಿಟ್ಟು ಇವತ್ತೇ ಬಿಡಿ.

ಎಲ್ಲವನ್ನೂ ಒಟ್ಟಿಗೆ ಬದಲಿಸುವ ಅಗತ್ಯವಿಲ್ಲ. ಮೊದಲು ಎರಡು ಕಡೆ ಬ್ಯಾಕಪ್ ತೆಗೆದಿಡಿ. ಬಿಲ್ಲಿಂಗ್ ಅನ್ನು ಏಪ್ರಿಲ್ 1ರಿಂದ ಹೊಸದಕ್ಕೆ ತನ್ನಿ. ಆಗ ಓಪನಿಂಗ್ ಬ್ಯಾಲೆನ್ಸ್ ಮತ್ತು ಸ್ಟಾಕ್ ಹಾಕಿದರೆ ಸಾಕು. ಹಳೇ ಯಂತ್ರವನ್ನು ಗುಜರಿಗೆ ಹಾಕಬೇಡಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು, ಆದ್ದರಿಂದ ಇಂಟರ್ನೆಟ್ ತೆಗೆದು ಹಳೇ ಲೆಕ್ಕ ನೋಡಲು ಅದನ್ನು ಇಟ್ಟುಕೊಳ್ಳಿ.