ಶರ್ಮನ್‌ಗೆ ಬಣ್ಣ, ಬಣ್ಣದ ಮೇಲೆ ಮಣ್ಣು

ರಿಮೋಟಿನಲ್ಲಿ ಓಡುವ ದೊಡ್ಡ ಶರ್ಮನ್ ಟ್ಯಾಂಕು, ತಮಿಯಾ ಕಿಟ್ ಆಗಲಿ ಹೆಂಗ್ ಲಾಂಗ್‌ನ ಸಿದ್ಧ ಮಾದರಿಯಾಗಲಿ, ಪೆಟ್ಟಿಗೆಯಿಂದ ತೆಗೆದಾಗ ಆಟಿಕೆಯ ಹಾಗೆಯೇ ಇರುತ್ತದೆ. ಅಳತೆ ಹದಿನಾರರಲ್ಲಿ ಒಂದು ಪಾಲು, ಸುಮಾರು 5.9 ಮೀಟರ್ ಉದ್ದದ ಉಕ್ಕಿನ ಒಡಲು 37 ಸೆಂಟಿಮೀಟರಿಗೆ ಇಳಿದಿದೆ. ಇಷ್ಟು ದೊಡ್ಡದರಲ್ಲಿ ಪ್ರತಿ ಬೋಲ್ಟೂ ಬೆಸುಗೆಯೂ ಕಣ್ಣಿಗೆ ಬೀಳುವುದರಿಂದ ಬಣ್ಣದಲ್ಲಿ ಮಾಡಿದ ಅವಸರವನ್ನು ಮುಚ್ಚಿಡಲಾಗುವುದಿಲ್ಲ.

ಡಬ್ಬಿ ತೆರೆಯುವ ಮುಂಚೆ ಟ್ಯಾಂಕಿಗೆ ಒಂದು ಊರನ್ನೂ ಒಂದು ಕಾಲವನ್ನೂ ಗೊತ್ತುಮಾಡಿಕೊಳ್ಳಿ. ಹವ್ಯಾಸಿಗಳು ‘ವೆದರಿಂಗ್’ ಎನ್ನುವ ಕೆಲಸ, ಅಂದರೆ ಬಿಸಿಲು ಮಳೆ ಧೂಳಿಗೆ ಸವೆದಂತೆ ಕಾಣಿಸುವುದು, ಇದೊಂದು ತೀರ್ಮಾನವಿಲ್ಲದೆ ಕೆಡುತ್ತದೆ. ಬೇ ಏರಿಯಾದವರಿಗೆ ಒಳ್ಳೆಯ ಆರಂಭ ರಿಚ್ಮಂಡ್‌ನಲ್ಲೇ ಇದೆ. ಅಲ್ಲಿನ ನೀರಂಚಿನ ಫೋರ್ಡ್ ಕಾರ್ಖಾನೆ ಎರಡನೇ ಮಹಾಯುದ್ಧದ ಹೊತ್ತಿಗೆ ಟ್ಯಾಂಕ್ ಡಿಪೋ ಆಗಿತ್ತು. ಬೇರೆಡೆ ತಯಾರಾಗಿ ಬಂದ ಟ್ಯಾಂಕುಗಳು ಇಲ್ಲಿ ಕೊನೆಯ ಕೆಲಸ ಮುಗಿಸಿಕೊಂಡು ಪೆಸಿಫಿಕ್ ರಣರಂಗಕ್ಕೆ ಹಡಗು ಹತ್ತುತ್ತಿದ್ದವು. ಕಟ್ಟಡ ಇಂದಿಗೂ ನಿಂತಿದೆ. ಪಕ್ಕದ ಆಯಿಲ್ ಹೌಸ್‌ನಲ್ಲಿ ರೋಸಿ ದ ರಿವೆಟರ್ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರವಿದೆ. ನಿಮ್ಮ ಶರ್ಮನ್ ಇಲ್ಲಿಂದ ಹೊರಟು ತರಾವಾ ತಲುಪಿದ್ದರೆ ಮೇಲೆ ಬಿಳಿ ಹವಳದ ಪುಡಿ ಇರಬೇಕು. ಇವೋ ಜಿಮಾ ಆದರೆ ಜ್ವಾಲಾಮುಖಿಯ ಕಪ್ಪು ಬೂದಿ.

ಕೊಡಗಿನ ಕೆ.ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ 1948ರ ನವೆಂಬರ್ 1ರಂದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹಿಮಾಲಯದ ಜೋಜಿ ಲಾ ಕಣಿವೆಮಾರ್ಗ ಹತ್ತಿದ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಸ್ಟುವರ್ಟ್ ಮಾದರಿ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಆಸೆ. ಆಗ ಬೇಕಾಗುವುದು ಕಲ್ಲಿನ ಬೂದುಬಣ್ಣದ ಕೆಸರು ಮತ್ತು ಚಕ್ರಗಳ ಸಂದಿಯಲ್ಲಿ ಸಿಕ್ಕಿದ ಹಿಮ.

ಇನ್ನು ಕೆಲಸ. ಮೊದಲು ಬ್ಯಾಟರಿ ತೆಗೆಯಿರಿ. ಒಡಲಿನ ಮೇಲ್ಭಾಗ ಬಿಚ್ಚಿ ಎಲೆಕ್ಟ್ರಾನಿಕ್ಸ್ ಹೊರಗಿಡಿ. ಪಟ್ಟಿ ಮತ್ತು ಚಕ್ರಗಳನ್ನು ಬೇರ್ಪಡಿಸಿ. ಗೇರ್‌ಬಾಕ್ಸಿನ ತೂತು, ಸ್ಪೀಕರಿನ ಜಾಲರಿ, ಯುದ್ಧದಾಟದ ಇನ್‌ಫ್ರಾರೆಡ್ ರಿಸೀವರ್ ಇವಕ್ಕೆ ಮಾಸ್ಕಿಂಗ್ ಟೇಪ್ ಸುತ್ತಿ. ಅಚ್ಚಿನ ಗೆರೆಗಳನ್ನು 400, ಆಮೇಲೆ 600ರ ಮರಳು ಕಾಗದದಲ್ಲಿ ಉಜ್ಜಿ. ಎರಕದ ಗೋಪುರವಾದರೆ ಅದು ನುಣುಪಾಗಿರಬಾರದು: ತೆಳು ಪುಟ್ಟಿಯನ್ನು ಗಡಸು ಬ್ರಷ್ಷಿನ ತುದಿಯಿಂದ ಕುಟ್ಟಿದರೆ ಎರಕದ ಒರಟುತನ ಬರುತ್ತದೆ. ಕೊನೆಗೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಇಲ್ಲಿಂದ ಮುಂದೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಬೆರಳಿನ ಎಣ್ಣೆ ಕೂತ ಕಡೆ ಬಣ್ಣ ಹಿಡಿಯುವುದಿಲ್ಲ.

ಸ್ಪ್ರೇ ಮಾಡುವ ಜಾಗದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಇಲ್ಲಿನ ಬಹಳ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಇರುವುದು ಗ್ಯಾರೇಜಿನಲ್ಲೇ. ಅದರ ಜ್ವಾಲೆಯ ಹತ್ತಿರ ಸ್ಪ್ರೇ ಡಬ್ಬಿ ಒತ್ತಬೇಡಿ. ಆವಿಗೆ ಬೆಂಕಿ ಹತ್ತುತ್ತದೆ. ಹೊರಗೆ ಹೋಗಿ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಸಾಲದು. ಡೇಲಿ ಸಿಟಿ, ಪೆಸಿಫಿಕಾದ ಬೇಸಿಗೆಯ ಮಂಜಿನಲ್ಲಿ ಲ್ಯಾಕರ್ ಬಣ್ಣ ತೇವ ಹಿಡಿದು ಬೆಳ್ಳಗಾಗುತ್ತದೆ. ಲಿವರ್‌ಮೋರ್‌ನ ಮಧ್ಯಾಹ್ನದ ಸುಡುಬಿಸಿಲಿನಲ್ಲಾದರೆ ಬಣ್ಣ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಮಂಜು ಕರಗಿದ ಮೇಲೆ, ಸಂಜೆಯ ಗಾಳಿ ಏಳುವ ಮುಂಚೆ ಸಿಗುವ ಹೊತ್ತೇ ಸರಿ. ಕ್ಯಾಲಿಫೋರ್ನಿಯಾದಲ್ಲಿ 18 ತುಂಬದವರಿಗೆ ಸ್ಪ್ರೇ ಪೇಂಟ್ ಮಾರುವಂತಿಲ್ಲ, ಹಾಗಾಗಿ ಮಕ್ಕಳೊಂದಿಗೆ ಮಾಡುವ ಕೆಲಸವಾದರೆ ಅಂಗಡಿಗೆ ನೀವೇ ಹೋಗಬೇಕು.

ಪ್ರೈಮರನ್ನು 20–25 ಸೆಂಟಿಮೀಟರ್ ದೂರದಿಂದ, ತೆಳುವಾಗಿ ಎರಡು ಮೂರು ಸಲ ಹಾಯಿಸಿ. ಲೋಹದ ಭಾಗಗಳಿಗೆ ಲೋಹದ ಪ್ರೈಮರೇ ಬೇಕು. ಒಂದು ದಿನ ಬಿಟ್ಟು ಆಲಿವ್ ಡ್ರ್ಯಾಬ್ ಹಾಕಿ. ತಮಿಯಾದಲ್ಲಿ ಅದು ಎಕ್ಸ್‌ಎಫ್-62. ಏರ್‌ಬ್ರಷ್ ಇದ್ದರೆ ಬಣ್ಣ, ಥಿನ್ನರ್ ಸಮಸಮ ಬೆರೆಸಿ 15–20 ಪಿಎಸ್‌ಐ ಒತ್ತಡದಲ್ಲಿ ಸಿಂಪಡಿಸಿ. ಡಬ್ಬಿಯ ಬಣ್ಣ ನೇರವಾಗಿ ಬಳಿದರೆ ಮಾದರಿ ತೀರಾ ಕಪ್ಪಾಗಿ ಕಾಣುತ್ತದೆ. ಎರಡನೇ ಸುತ್ತಿಗೆ ಸ್ವಲ್ಪ ಬಫ್, ಅಂದರೆ ಎಕ್ಸ್‌ಎಫ್-57, ಸೇರಿಸಿ ಬಿಸಿಲು ಬೀಳುವ ಮೇಲ್ಮೈಗಳಿಗೆ ಮಾತ್ರ ಹಾಯಿಸಿ. ಚಕ್ರಗಳ ಹಿಂಬದಿ ಕಡುಬಣ್ಣದಲ್ಲೇ ಇರಲಿ. ಬಿಳಿ ನಕ್ಷತ್ರಕ್ಕೆ ಸ್ಟಿಕರಿಗಿಂತ ಸ್ಟೆನ್ಸಿಲ್ ವಾಸಿ, ಸ್ಟಿಕರಿನ ಅಂಚು ಈ ಅಳತೆಯಲ್ಲಿ ಎದ್ದು ಕಾಣುತ್ತದೆ.

ಇದರ ಮೇಲೆ ಹೊಳಪಿನ ವಾರ್ನಿಷ್. ಇದನ್ನು ಬಿಡಬೇಡಿ. ಮುಂದೆ ಬರುವ ಎಣ್ಣೆಬಣ್ಣದ ಥಿನ್ನರ್ ಎಬಿಎಸ್ ಪ್ಲಾಸ್ಟಿಕ್ಕಿಗೆ ತಗುಲಿದರೆ, ಅದರಲ್ಲೂ ಸ್ಕ್ರೂ ಬಿಗಿದ ಕಡೆ, ಬಿರುಕು ಬಿಡಬಹುದು. ಬರ್ನ್ಟ್ ಅಂಬರ್ ಎಣ್ಣೆಬಣ್ಣವನ್ನು ಕಾಫಿ ಡಿಕಾಕ್ಷನ್ನಿನಷ್ಟು ತೆಳ್ಳಗೆ ಕದಡಿ ಬೋಲ್ಟಿನ ಸುತ್ತ, ಬೆಸುಗೆಯ ಬುಡದಲ್ಲಿ ಸಣ್ಣ ಬ್ರಷ್ಷಿನಿಂದ ಮುಟ್ಟಿಸಿ. ಸಂದಿಯಲ್ಲಿ ತಾನಾಗಿ ಹರಿಯುತ್ತದೆ. ಹೆಚ್ಚಾದದ್ದನ್ನು ಮೇಲಿನಿಂದ ಕೆಳಕ್ಕೆ, ಮಳೆನೀರು ಇಳಿಯುವ ದಿಕ್ಕಿನಲ್ಲೇ ಒರೆಸಿ. ಥಿನ್ನರನ್ನು ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲಿ ಕೊಳ್ಳಿ. ಈ ರಾಜ್ಯದ ವಾಯುಮಾಲಿನ್ಯ ನಿಯಮಗಳಿಂದಾಗಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಬದಲಿ ಥಿನ್ನರುಗಳಲ್ಲಿ ಕೆಲವು ಹಾಲಿನಂಥ ನೀರು, ಎಣ್ಣೆಬಣ್ಣಕ್ಕೆ ಒಗ್ಗುವುದಿಲ್ಲ.

ತುಕ್ಕಿನ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಬಣ್ಣ ಎದ್ದುಹೋಗುವುದು ಸೈನಿಕರ ಬೂಟು, ಕೈ, ಸಲಕರಣೆ ತಾಗುವ ಕಡೆ: ಹ್ಯಾಚಿನ ಅಂಚು, ಮುಂದಿನ ಇಳಿಜಾರು, ಎಂಜಿನ್ ಮುಚ್ಚಳ. ಹರಿದ ಸ್ಪಂಜಿನ ಚೂರನ್ನು ಕಡುಕಂದು ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಹೆಚ್ಚಿನದನ್ನು ತೆಗೆದು, ಅಲ್ಲಷ್ಟೇ ತಟ್ಟಿ. ಕೆಂಪು ತುಕ್ಕು ಸೈಲೆನ್ಸರಿಗೆ ಸಾಕು. ಪಟ್ಟಿಯಲ್ಲೂ ಜನ ತಪ್ಪುತ್ತಾರೆ. ಬಹಳಷ್ಟು ಶರ್ಮನ್‌ಗಳ ಪಟ್ಟಿಯ ಹಲ್ಲೆಗಳು ರಬ್ಬರಿನವು, ಅವನ್ನು ಬೆಳ್ಳಿಯಂತೆ ಹೊಳೆಸಿದರೆ ಅರ್ಥವಿಲ್ಲ. ಹಲ್ಲೆ ಮಾಸಿದ ಕಪ್ಪು. ಎರಡೂ ತುದಿಯ ಉಕ್ಕಿನ ಕೊಂಡಿಗಳು ಮಾತ್ರ ಸವೆದು ಹೊಳೆಯಬೇಕು.

ಕೊನೆಯದು ಮಣ್ಣು. ಹಿತ್ತಲ ಮಣ್ಣನ್ನು ಸೋಸಿ, ಓವನ್ನಿನಲ್ಲಿ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಹುಳು, ಬೂಸು ಸಾಯುತ್ತವೆ. ಪಾರ್ಕುಗಳಿಂದ ಅಗೆದು ತರಬೇಡಿ, ಈಸ್ಟ್ ಬೇ ಪ್ರಾದೇಶಿಕ ಉದ್ಯಾನಗಳಲ್ಲಿ ಅದು ನಿಷಿದ್ಧ. ಊರಿನ ಕೆಮ್ಮಣ್ಣು ಸೂಟ್‌ಕೇಸಿನಲ್ಲಿ ತರುವ ಮನಸ್ಸಾಗುವುದು ಸಹಜ. ಅದಕ್ಕೆ ಅಮೆರಿಕದ ಕೃಷಿ ಇಲಾಖೆಯ ಪರವಾನಗಿ ಬೇಕು. ರೆಡ್ ಆಕ್ಸೈಡ್ ಮತ್ತು ಬರ್ನ್ಟ್ ಸಿಯೆನಾ ಪುಡಿ ಬೆರೆಸಿದರೆ ಅದೇ ಕೆಂಪು ಇಲ್ಲೇ ಬರುತ್ತದೆ. ಮಾದರಿ ಓಡಬೇಕಾದ್ದರಿಂದ ಬರೀ ಪುಡಿ ನಿಲ್ಲುವುದಿಲ್ಲ: ಅಕ್ರಿಲಿಕ್ ಮ್ಯಾಟ್ ಮೀಡಿಯಮ್ಮಿನಲ್ಲಿ ಗಂಜಿಯ ಹದಕ್ಕೆ ಕಲಸಿ ಕೆಳ ಒಡಲಿಗೂ ಚಕ್ರದ ಸುತ್ತಲಿನ ತಗಡಿಗೂ ಕುಟ್ಟಿ. ಸ್ಪ್ರಾಕೆಟ್ ಹಲ್ಲು, ಅಚ್ಚು, ಸಸ್ಪೆನ್ಷನ್ ಕೀಲುಗಳಿಗೆ ಮಾತ್ರ ಸೋಕದಿರಲಿ. ಇಡೀ ಒಡಲಿಗೆ ಒಂದು ಸುತ್ತು ಮ್ಯಾಟ್ ವಾರ್ನಿಷ್ ಕೊಟ್ಟು ಎರಡು ದಿನ ಬಿಡಿ.

ಉಳಿದ ಥಿನ್ನರ್, ಬಣ್ಣ ಸಿಂಕಿಗಾಗಲೀ ಕಸದ ಬುಟ್ಟಿಗಾಗಲೀ ಅಲ್ಲ. ಅಲಮೇಡಾ ಕೌಂಟಿಯವರಿಗೆ ಓಕ್ಲಂಡ್, ಹೇವರ್ಡ್, ಲಿವರ್‌ಮೋರ್, ಫ್ರೀಮಾಂಟ್‌ಗಳಲ್ಲಿ ಮನೆಯ ಅಪಾಯಕಾರಿ ತ್ಯಾಜ್ಯ ಪಡೆಯುವ ಕೇಂದ್ರಗಳಿವೆ. ಬೇರೆ ಕೌಂಟಿಗಳಲ್ಲೂ ಇಂಥ ವ್ಯವಸ್ಥೆ ಉಂಟು. ಎಣ್ಣೆಬಣ್ಣ ಒರೆಸಿದ ಚಿಂದಿಯನ್ನು ಉಂಡೆಕಟ್ಟಿ ಇಟ್ಟರೆ ತಾನಾಗಿ ಬೆಂಕಿ ಹತ್ತೀತು, ಬಿಡಿಸಿ ಹೊರಗೆ ಒಣಹಾಕಿ.

ಓಡಿಸಿ ಬಂದಮೇಲೆ ನೀರಿಗೆ ಹಿಡಿಯಬೇಡಿ. ಒಣ ಬ್ರಷ್ಷಿನಿಂದ ಗೇರ್‌ಬಾಕ್ಸಿನ ಸುತ್ತಲ ಹುಲ್ಲು, ಕಲ್ಲು ತೆಗೆದರೆ ಸಾಕು. ನಿಜವಾಗಿ ಬಿದ್ದ ಗೀರುಗಳನ್ನು ಹಾಗೇ ಬಿಡಿ, ನಾವು ಬರೆದ ಗೀರಿಗಿಂತ ಅವೇ ಚೆನ್ನ. ಪ್ಲಾಸ್ಟಿಕ್ ಇಣುಕುವಷ್ಟು ಆಳವಾಗಿದ್ದರೆ ಮಾತ್ರ ಕಡುಕಂದು ಬಣ್ಣದ ಒಂದು ಚುಕ್ಕೆ ಇಡಿ.